ಅಜ್ಜಿಗೆ ಎಷ್ಟು ಮಾರ್ಕ್ಸು?

ಹೋದ ತಿಂಗಳು ನಮ್ಮ ಆಫೀಸಿನಲ್ಲಿ ಪಾಶ್ ಟ್ರೈನಿಂಗ್ ಇತ್ತು. ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳಿಗೆ ಲೈಂಗಿಕ ಕಿರುಕುಳ ಆಗದ ಹಾಗೆ ನೋಡಿಕೊಳ್ಳಬೇಕು ಅಂತ 2013ರಲ್ಲಿ ಕಾಯ್ದೆ ಬಂತಲ್ಲ, ಅದರ ಪ್ರಕಾರ ಕೊಡಲೇಬೇಕಾದ ತರಬೇತಿ. ನಲವತ್ತು ಸ್ಲೈಡು, ಕೊನೆಗೊಂದು ಕ್ವಿಜ್ಜು, ಆಮೇಲೆ ಸಮೋಸ. ಸಮೋಸ ತಿನ್ನುವಾಗ ಪಕ್ಕದ ಟೀಮಿನ ಹುಡುಗ ಕೇಳಿದ: "ಮೇಡಂ, ನೀವು ಎಂ.ಎ. ಮಾಡಿದ್ದು ವಿಮೆನ್ಸ್ ಸ್ಟಡೀಸಲ್ಲಂತೆ? ಎರಡು ವರ್ಷ ಏನ್ ಓದ್ತೀರ ಅದ್ರಲ್ಲಿ? ಇದೇ ಸ್ಲೈಡುಗಳನ್ನಾ?"

ಅವನ ದನಿಯಲ್ಲಿ ಕುಹಕ ಇರಲಿಲ್ಲ. ನಿಜವಾಗಿಯೂ ಗೊತ್ತಿಲ್ಲದೆ ಕೇಳಿದ್ದ. ನಾನು ಏನೋ ಒಂದು ಹೇಳಿ ನಕ್ಕು ಸುಮ್ಮನಾದೆ. ಮೆಟ್ರೋದಲ್ಲಿ ಮನೆಗೆ ಬರುವಾಗ ಮಾತ್ರ ಆ ಪ್ರಶ್ನೆ ಬಿಡಲಿಲ್ಲ. ಏನು ಓದಿದೆ? ಚೆನ್ನಾಗಿ ಓದಿಸಿದರಾ? ಓದಬೇಕಾದದ್ದನ್ನು ಓದಿದೆನಾ? ಹತ್ತಿರ ಹತ್ತಿರ ಹತ್ತು ವರ್ಷ ಆದಮೇಲೆ ಆ ಕೋರ್ಸನ್ನೇ ಒಂದು ಪುಸ್ತಕದ ಹಾಗೆ ಕೈಗೆತ್ತಿಕೊಂಡು ವಿಮರ್ಶೆ ಮಾಡಿದರೆ ಹೇಗಿರುತ್ತೆ ಅನ್ನಿಸಿತು. ಇದು ಆ ವಿಮರ್ಶೆ.

ಮೊದಲು ಋಣ ತೀರಿಸಿಬಿಡೋಣ. ಈ ವಿಷಯ ನನಗೆ ಲೆಕ್ಕ ಹಾಕುವುದನ್ನು ಕಲಿಸಿತು. ನಗಬೇಡಿ, ನಿಜ. ಭಾರತದಲ್ಲಿ ಮಹಿಳಾ ಅಧ್ಯಯನ ಅನ್ನೋದು ಶುರುವಾಗಿದ್ದೇ ಒಂದು ಲೆಕ್ಕದಿಂದ. ಹೆಂಗಸರ ಸ್ಥಿತಿಗತಿ ನೋಡಿ ವರದಿ ಕೊಡಿ ಅಂತ 1971ರಲ್ಲಿ ಕೇಂದ್ರ ಸರ್ಕಾರ ಒಂದು ಸಮಿತಿ ಮಾಡಿತು. ವೀಣಾ ಮಜುಂದಾರ್ ಅದರ ಕಾರ್ಯದರ್ಶಿ. 'ಟುವರ್ಡ್ಸ್ ಈಕ್ವಾಲಿಟಿ' ಅನ್ನುವ ಆ ವರದಿ 1974ರ ಕೊನೆಗೆ ಸಿದ್ಧವಾದಾಗ ಅದರಲ್ಲಿದ್ದ ಒಂದು ಅಂಕಿ ಓದಿದವರನ್ನು ಬೆಚ್ಚಿಬೀಳಿಸಿತು: 1901ರಲ್ಲಿ ಸಾವಿರ ಗಂಡಸರಿಗೆ 972 ಹೆಂಗಸರಿದ್ದ ದೇಶದಲ್ಲಿ 1971ರ ಹೊತ್ತಿಗೆ ಉಳಿದದ್ದು 930. ಸ್ವಾತಂತ್ರ್ಯ ಬಂದು, ಸಂವಿಧಾನ ಬಂದು, ಹೆಂಗಸೊಬ್ಬರು ಪ್ರಧಾನಿಯೂ ಆಗಿ, ಹೆಂಗಸರು ಮಾತ್ರ ಕಡಿಮೆಯಾಗುತ್ತಾ ಹೋಗಿದ್ದರು. ಅದೇ 1974ರಲ್ಲಿ ಮುಂಬೈನ ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ನೀರಾ ದೇಸಾಯಿ ಮಹಿಳಾ ಅಧ್ಯಯನದ ಘಟಕ ಶುರು ಮಾಡಿದರು. 1981ರಲ್ಲಿ ಅಲ್ಲೇ ಮೊದಲ ರಾಷ್ಟ್ರೀಯ ಸಮ್ಮೇಳನ ನಡೆಯಿತು, ಮರುವರ್ಷ ಒಂದು ಸಂಘವೂ ಆಯಿತು. ಆಮೇಲೆ ಯುಜಿಸಿ ದುಡ್ಡಿನಲ್ಲಿ ಊರೂರಿನ ವಿಶ್ವವಿದ್ಯಾಲಯಗಳಲ್ಲಿ ಕೇಂದ್ರಗಳು ಬಂದವು. ನಮ್ಮಲ್ಲಂತೂ 2003ರಲ್ಲಿ ವಿಜಯಪುರದಲ್ಲಿ ಒಂದು ಮಹಿಳಾ ವಿಶ್ವವಿದ್ಯಾಲಯವೇ ಬಂತು. ಗಂಡನನ್ನೂ ಅರಮನೆಯನ್ನೂ ಬಿಟ್ಟು ನಡೆದ ಅಕ್ಕಮಹಾದೇವಿಯ ಹೆಸರು ಈಗ ಅದಕ್ಕಿದೆ.

ಲೆಕ್ಕ ಅಂದೆನಲ್ಲ, ಒಂದು ಉದಾಹರಣೆ ನೋಡಿ. ದಿನದ ಹೊತ್ತನ್ನು ಯಾರು ಹೇಗೆ ಕಳೆಯುತ್ತಾರೆ ಅಂತ 2019ರಲ್ಲಿ ಕೇಂದ್ರ ಸರ್ಕಾರ ದೇಶದಾದ್ಯಂತ ಒಂದು ಸಮೀಕ್ಷೆ ಮಾಡಿತು. ಸಂಬಳ ಇಲ್ಲದ ಮನೆಗೆಲಸಕ್ಕೆ, ಅದನ್ನು ಮಾಡುವ ಹೆಂಗಸು ಆಗ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದಳು. ಗಂಡಸು 97 ನಿಮಿಷ. ಅದೂ ಮನೆಗೆಲಸಕ್ಕೆ ಕೈಹಾಕುವ ಗಂಡಸರನ್ನು ಮಾತ್ರ ಲೆಕ್ಕಕ್ಕೆ ಹಿಡಿದರೆ; ಅಂಥವರು ನೂರಕ್ಕೆ ಇಪ್ಪತ್ತಾರು ಜನ ಇದ್ದರು. 'ಅಮ್ಮ ಮನೇಲೇ ಇರ್ತಾರೆ, ಏನೂ ಕೆಲಸ ಮಾಡಲ್ಲ' ಅಂತ ಹೈಸ್ಕೂಲಿನ ಫಾರಮ್ಮಿನಲ್ಲಿ ಬರೆದವಳು ನಾನು. ಆ 'ಏನೂ ಇಲ್ಲ' ಅನ್ನೋದನ್ನು ನಿಮಿಷದ ಲೆಕ್ಕದಲ್ಲಿ ಅಳೆಯಬಹುದು ಅಂತ ಹೇಳಿಕೊಟ್ಟ ವಿಷಯ ಇದು. ಆ ಋಣ ದೊಡ್ಡದು.

ಇನ್ನು ತಕರಾರು.

ನಮ್ಮ ಸಿಲೆಬಸ್ಸಿನಲ್ಲಿ ಎರಡು ರಾಶಿ ಇದ್ದವು. ಹಾಗಂತ ಯಾರೂ ಬರೆದಿರಲಿಲ್ಲ, ಆದರೆ ಎಲ್ಲರಿಗೂ ಗೊತ್ತಿತ್ತು. ಒಂದು ಥಿಯರಿಯ ರಾಶಿ: ಸಿಮೋನ್ ದ ಬೊವಾ, ಜುಡಿತ್ ಬಟ್ಲರ್, ನಮ್ಮವರಾದ ಉಮಾ ಚಕ್ರವರ್ತಿ, ಶರ್ಮಿಳಾ ರೇಗೆ. ಇನ್ನೊಂದು ಟೆಕ್ಸ್ಟುಗಳ ರಾಶಿ: ಅಕ್ಕನ ವಚನ, ಸಂಚಿ ಹೊನ್ನಮ್ಮ, ಎಂ.ಕೆ. ಇಂದಿರಾ, ಸಾರಾ ಅಬೂಬಕ್ಕರ್, ವೈದೇಹಿ. ಮೊದಲನೇ ರಾಶಿಯಿಂದ ಒಂದು ಮಾತು ತಗೊಂಡು ಎರಡನೇ ರಾಶಿಯ ಮೇಲೆ ಇಡಬೇಕು. ಕೂತರೆ ಮಾರ್ಕ್ಸು. ಮೊದಲನೇ ರಾಶಿಯವರು ಯೋಚನೆ ಮಾಡುತ್ತಾರೆ, ಎರಡನೇ ರಾಶಿಯವರು ಅನುಭವಿಸುತ್ತಾರೆ. ಉಲ್ಟಾ ಇಡುವ ಹಾಗಿಲ್ಲ. ಹೊನ್ನಮ್ಮನನ್ನು ಹಿಡಿದು ಬಟ್ಲರನ್ನು ಪರೀಕ್ಷೆ ಮಾಡಿ ಅಂತ ಒಂದು ಪ್ರಶ್ನೆಯೂ ಎರಡು ವರ್ಷದಲ್ಲಿ ಬರಲಿಲ್ಲ.

ಇನ್ನೊಂದು ತಮಾಷೆ. 'ಫಣಿಯಮ್ಮ'ವನ್ನು ನಾವು ಓದಿದ್ದು ಇಂಗ್ಲಿಷಿನಲ್ಲಿ. ತೇಜಸ್ವಿನಿ ನಿರಂಜನ ಮಾಡಿದ ಒಳ್ಳೆಯ ಅನುವಾದವೇ, ಅದರ ಬಗ್ಗೆ ದೂರಿಲ್ಲ. ಆದರೆ ಕ್ಲಾಸಿನಲ್ಲಿದ್ದ ಹದಿನೆಂಟು ಜನರಲ್ಲಿ ಹದಿಮೂರು ಜನ ಕನ್ನಡದವರು. ತಿಪಟೂರು ಕಡೆಯ ನಾನು ತೀರ್ಥಹಳ್ಳಿ ಕಡೆಯ ಒಂದು ಮನೆಯ ಕಥೆಯನ್ನು ಬೆಂಗಳೂರಿನಲ್ಲಿ ಕೂತು ಇಂಗ್ಲಿಷಿನಲ್ಲಿ ಓದಿ, ಅದರಲ್ಲಿ 'ಮಡಿ' ಅನ್ನುವ ಪದ ಬಂದಾಗ ಅದರ ಅರ್ಥವನ್ನು ಅಡಿಟಿಪ್ಪಣಿಯ ಧಾಟಿಯಲ್ಲಿ ಉತ್ತರಪತ್ರಿಕೆಯಲ್ಲಿ ವಿವರಿಸಿದ್ದೆ.

ಹೊನ್ನಮ್ಮನ ವಿಷಯಕ್ಕೆ ಬರೋಣ, ಯಾಕಂದರೆ ಅವಳಿಗೆ ಆದ ಅನ್ಯಾಯ ಸ್ವಲ್ಪ ಬೇರೆ ಥರದ್ದು. ಹದಿನೇಳನೇ ಶತಮಾನದ ಕೊನೆಯ ಹೊತ್ತು, ಮೈಸೂರಿನಲ್ಲಿ ಚಿಕ್ಕದೇವರಾಜ ಒಡೆಯರ ಆಳ್ವಿಕೆ. ಹೊನ್ನಮ್ಮ ಅರಮನೆಯಲ್ಲಿ ಎಲೆಅಡಿಕೆ ಸಂಚಿ ಹಿಡಿಯುವ ಊಳಿಗದವಳು. ಊರು ಯಳಂದೂರು. ಆಸ್ಥಾನದ ಸಿಂಗರಾರ್ಯ ಅವಳಿಗೆ ಗುರು, ಕಾವ್ಯಕ್ಕೆ ರಾಣಿಯ ಆಸರೆ. ಅವಳು ಬರೆದ 'ಹದಿಬದೆಯ ಧರ್ಮ' ಸಾಂಗತ್ಯದಲ್ಲಿದೆ, ಒಂಬತ್ತು ಸಂಧಿ, ನಾನೂರಕ್ಕೂ ಹೆಚ್ಚು ಪದ್ಯ. ಇದರಲ್ಲಿ ನಮ್ಮ ನೋಟ್ಸಿಗೆ ಬಂದದ್ದು ಎಷ್ಟು? ಒಂದು ಪದ್ಯ. ನಿಮಗೂ ಗೊತ್ತಿರುತ್ತೆ. ಹೆತ್ತವಳು ಹೆಣ್ಣು, ಸಾಕಿದವಳು ಹೆಣ್ಣು, ಮತ್ತೆ ಯಾಕೆ ಹೆಣ್ಣು ಅಂತ ಹೀಗಳೆಯುತ್ತೀರಿ ಅಂತ ಕೇಳುವ ಪದ್ಯ. ಮಾರ್ಚ್ ಎಂಟು ಬಂತು ಅಂದರೆ ಬ್ಯಾನರಿನಲ್ಲಿ, ಭಾಷಣದಲ್ಲಿ, ವಾಟ್ಸಾಪಿನಲ್ಲಿ ಎಲ್ಲಾ ಕಡೆ ಅದೇ.

ಉಳಿದ ನಾನೂರು ಚಿಲ್ಲರೆ ಪದ್ಯ ಏನು ಹೇಳುತ್ತವೆ? ಒಂದು ಭಾನುವಾರ ಲೈಬ್ರರಿಯಲ್ಲಿ ಕೂತು ಮೊದಲಿಂದ ಓದಿದೆ. ಎದೆ ಧಸಕ್ಕೆಂದಿತು. ಹದಿಬದೆ ಅಂದರೆ ಪತಿವ್ರತೆ. ಕಾವ್ಯದ ಹೆಚ್ಚಿನ ಭಾಗ ಗಂಡನ ಸೇವೆ ಹೇಗೆ ಮಾಡಬೇಕು, ಅತ್ತೆ-ಮಾವನ ಹತ್ತಿರ ಹೇಗಿರಬೇಕು, ಹೇಗೆ ತಗ್ಗಿ ನಡೆಯಬೇಕು ಅನ್ನೋದರ ಬಗ್ಗೆಯೇ. ಮೇಡಂ ಹತ್ತಿರ ಹೋಗಿ ಕೇಳಿದೆ. "ಆ ಕಾಲದ ಮಿತಿ ಅದು. ಎಕ್ಸಾಮಿಗೆ ಆ ಪದ್ಯ ಸಾಕು" ಅಂದರು. ಅವರದ್ದು ತಪ್ಪಲ್ಲ, ಪೋರ್ಶನ್ ಮುಗಿಸಬೇಕಲ್ಲ. ಆದರೆ ಒಬ್ಬ ಲೇಖಕಿಯ ಒಂದು ಪದ್ಯವನ್ನು 'ನಮ್ಮದು' ಅಂತ ಇಟ್ಟುಕೊಂಡು ಉಳಿದದ್ದನ್ನೆಲ್ಲ 'ಕಾಲದ ಮಿತಿ' ಅಂತ ಬಿಸಾಕಿದರೆ, ಅವಳು ಯೋಚಿಸಿ ಬರೆದಳು ಅಂತ ನಾವು ನಂಬಿಲ್ಲ ಅಂತಲೇ ಅರ್ಥ. ಬಾಯಿತಪ್ಪಿ ಒಂದು ಒಳ್ಳೆಯ ಮಾತು ಬಂತು ಅಂದ ಹಾಗಾಯಿತು.

ಇಷ್ಟು ಬುದ್ಧಿವಂತಿಕೆ ಮಾತಾಡುವ ನಾನೇ ಮಾಡಿದ್ದೇನು ಅಂತ ಈಗ ಹೇಳಬೇಕು.

ಎರಡನೇ ಸೆಮಿಸ್ಟರಿನಲ್ಲಿ ಇಪ್ಪತ್ತು ಮಾರ್ಕ್ಸಿನ ಇಂಟರ್ನಲ್ ಅಸೈನ್‌ಮೆಂಟ್. ನಿಮ್ಮ ಕುಟುಂಬದ ಒಬ್ಬ ಹೆಣ್ಣಿನ ಬದುಕನ್ನು ಕ್ಲಾಸಿನಲ್ಲಿ ಓದಿದ ಒಂದು ಪರಿಕಲ್ಪನೆಯ ಮೂಲಕ ನೋಡಿ ಅಂತ. ನಾನು ಅಮ್ಮನ ಅಮ್ಮನನ್ನು ಆರಿಸಿಕೊಂಡೆ. ಪರಿಕಲ್ಪನೆ ಟರ್ಕಿಯ ವಿದ್ವಾಂಸೆ ಡೆನಿಜ್ ಕಂದಿಯೋತಿ 1988ರಲ್ಲಿ ಬರೆದ ಲೇಖನದ್ದು: ಗಂಡಾಳಿಕೆಯ ಜೊತೆ ಚೌಕಾಸಿ. ಅದರ ಸಾರ ಸರಳ. ವ್ಯವಸ್ಥೆಯೊಳಗೆ ಹೆಂಗಸರು ಸುಮ್ಮನೆ ಬಲಿಯಾಗಿ ಕೂತಿರುವುದಿಲ್ಲ, ಇರುವ ನಿಯಮದೊಳಗೇ ಏನು ಕೊಟ್ಟರೆ ಏನು ಸಿಗುತ್ತೆ ಅಂತ ವ್ಯಾಪಾರ ಮಾಡುತ್ತಾರೆ. ಸೊಸೆಯಾಗಿ ಬಂದಾಗ ತಲೆ ತಗ್ಗಿಸಿದವಳಿಗೆ ಮುಂದೆ ಅತ್ತೆಯಾಗುವ ಭರವಸೆ ಇರುತ್ತದೆ. ಹಾಗಾಗಿ ವಯಸ್ಸಾದ ಹೆಂಗಸರೇ ಎಷ್ಟೋ ಸಲ ಆ ನಿಯಮದ ಕಾವಲಿಗೆ ನಿಲ್ಲುತ್ತಾರೆ.

ನಮ್ಮ ಮನೆಯಲ್ಲಿ ಇದಕ್ಕೆ ಹೇಳಿ ಮಾಡಿಸಿದ ಹಾಗಿದ್ದ ಕಥೆಯಿತ್ತು. ತಾತ ತೀರಿಕೊಂಡಾಗ ಅಜ್ಜಿಗೆ ಮೂವತ್ತೂ ಆಗಿರಲಿಲ್ಲ. ನಾಲ್ಕು ಮಕ್ಕಳು, ಒಂದು ತೆಂಗಿನ ತೋಟ. ಕಾಯಿ ಅಟ್ಟಕ್ಕೆ ಹಾಕಿ, ವರ್ಷ ಕಾದು, ಚಿಪ್ಪು ಒಡೆಸಿ, ಕೊಬ್ಬರಿ ಮಾರಿ ನಾಲ್ಕೂ ಮಕ್ಕಳನ್ನು ಓದಿಸಿದಳು. ಕರ್ನಾಟಕದಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಕೊಡುವ ತಿದ್ದುಪಡಿ 1994ರಲ್ಲೇ ಜಾರಿಗೆ ಬಂದಿತ್ತು. ಆದರೆ ಅದಕ್ಕೂ ಮೊದಲೇ ಮದುವೆಯಾದವರಿಗೆ ಅದು ಅನ್ವಯಿಸುತ್ತಿರಲಿಲ್ಲ. ಅಮ್ಮನ ಮದುವೆ ಅದಕ್ಕಿಂತ ಮುಂಚೆಯೇ ಆಗಿತ್ತು. 2005ರಲ್ಲಿ ಕೇಂದ್ರದ ತಿದ್ದುಪಡಿ ಬಂದಾಗ ಆ ಷರತ್ತು ಹೋಯಿತು. ಅಮ್ಮನಿಗೂ ಪಾಲು ಬಂತು. ಕಾಗದದ ಮೇಲೆ. ಮುಂದೆ ತೋಟ ಪಾಲಾಗುವ ಹೊತ್ತಿಗೆ ಮಾವಂದಿರು ಹಕ್ಕು ಬಿಡುಗಡೆ ಪತ್ರ ತಂದರು. ಅಜ್ಜಿ ಅಮ್ಮನಿಗೆ, "ಸೈನ್ ಹಾಕ್ಬಿಡವ್ವ" ಅಂದಳು. ಅಮ್ಮ ಹಾಕಿದಳು.

ನಾನು ಇದನ್ನೆಲ್ಲ ಬರೆದೆ. ಒಂಬತ್ತು ಪುಟ. ಅಜ್ಜಿ ಗಂಡಾಳಿಕೆಯನ್ನು ಒಳಗೆ ಇಳಿಸಿಕೊಂಡವಳು, ಅವಳಿಗೆ ತಾನು ಮಾಡುತ್ತಿರುವುದರ ಅರಿವಿಲ್ಲ ಅಂತ ತೀರ್ಪು ಕೊಟ್ಟೆ. ಇಪ್ಪತ್ತಕ್ಕೆ ಹದಿನೇಳು ಬಂತು. ಊರಿಗೆ ಹೋದಾಗ ಜಂಬದಿಂದ ಹೇಳಿದೆ, ನಿನ್ನ ಬಗ್ಗೆ ಬರೆದಿದ್ದೀನಿ ಅಂತ. ಅಜ್ಜಿ ಜಗಲಿಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು.

"ಎಷ್ಟು ಕೊಟ್ರು?"

"ಹದಿನೇಳು. ಇಪ್ಪತ್ತಕ್ಕೆ."

"ಅದ್ರಲ್ಲಿ ನಂಗೆಷ್ಟು?"

ನಕ್ಕೆ. ಅವಳು ನಗಲಿಲ್ಲ. ಏನು ಬರೆದಿದ್ದೀಯ ಹೇಳು ಅಂದಳು. ಕನ್ನಡದಲ್ಲಿ, ಸ್ವಲ್ಪ ಮೆತ್ತಗೆ ಮಾಡಿ, ಹೇಳಿದೆ. ಕೇಳಿದ ಮೇಲೆ ಅವಳು ಹೇಳಿದ್ದು ಇಷ್ಟು, ಮಾತು ಮಾತೂ ನೆನಪಿದೆ:

"ಅರಿವಿಲ್ಲ ಅಂತ ಯಾಕೆ ಬರ್ದೆ? ಭೂಮಿ ತಗಂಡ್ರೆ ತೌರು ಹೋಯ್ತದೆ. ತೌರು ಇಟ್ಕಂಡ್ರೆ ಭೂಮಿ ಹೋಯ್ತದೆ. ಎರಡೂ ಸಿಗೋ ಹಂಗೆ ಗಂಡುಸ್ರಿಗೆ ಮಾತ್ರ ಮಾಡವ್ರೆ. ನಿಮ್ಮಪ್ಪನ ಕೆಲ್ಸ ಆಗ ಹೋಗಿತ್ತು. ನಾಳೆ ನಿಮ್ಮವ್ವ ನಿನ್ನ ಕಟ್ಕಂಡು ಬರೋಕೆ ಒಂದು ಬಾಗ್ಲು ಬೇಕಲ್ಲ? ಅದ್ಕೇ ಬಾಗ್ಲು ಇಟ್ಕ ಅಂದೆ. ತಪ್ಪೋ ಸರಿಯೋ. ಅರಿವಿಲ್ದೆ ಅಂದಿದ್ದಲ್ಲ."

ನಾನು ಓದಿದ್ದ ಲೇಖನದ ಸಾರ ಇದರಲ್ಲಿತ್ತು. ಅದಕ್ಕಿಂತ ಹೆಚ್ಚೂ ಇತ್ತು. ಅತ್ತೆಯಾಗುವ ಆಸೆಗೆ ಸೊಸೆ ತಗ್ಗುತ್ತಾಳೆ ಅಂತ ನಾನು ಓದಿಕೊಂಡಿದ್ದೆ. ಕೊಡುವುದು ಭೂಮಿ, ಕೊಳ್ಳುವುದು ಒಂದು ಬಾಗಿಲು, ಆ ಬೆಲೆ ನಿಗದಿ ಮಾಡಿದವರು ಬೇರೆಯವರು ಅಂತ ಅಜ್ಜಿ ಹೇಳಿದ್ದಳು. ವರ್ಷಗಟ್ಟಲೆ ಕೊಬ್ಬರಿ ಮಂಡಿಯ ರೇಟು ನೋಡಿದವಳು ಅವಳು. ಚೌಕಾಸಿ ಅಂದರೆ ಏನು ಅಂತ ನನಗಿಂತ ಚೆನ್ನಾಗಿ ಗೊತ್ತಿತ್ತು. ನಾನು ಮಾತ್ರ ಅವಳ ಬದುಕನ್ನು ತಗೊಂಡು ಅವಳ ಯೋಚನೆಯನ್ನು ಅಲ್ಲೇ ಬಿಟ್ಟು ಬಂದಿದ್ದೆ.

ಇದು ನನ್ನೊಬ್ಬಳ ತಪ್ಪಾಗಿದ್ದರೆ ಇಷ್ಟು ಉದ್ದ ಬರೆಯುತ್ತಿರಲಿಲ್ಲ. 2002ರಲ್ಲಿ ಗೋಪಾಲ್ ಗುರು ಒಂದು ಲೇಖನ ಬರೆದರು. ನಮ್ಮ ಸಮಾಜ ವಿಜ್ಞಾನದಲ್ಲಿ ಸಿದ್ಧಾಂತ ಮಾಡುವ ಬ್ರಾಹ್ಮಣರು, ಮಾಹಿತಿ ಒದಗಿಸುವ ಶೂದ್ರರು ಅಂತ ಎರಡು ಜಾತಿಗಳಾಗಿವೆ ಅಂತ. ಬೆಂಗಳೂರಿನ ಸುಂದರ್ ಸಾರುಕ್ಕೈ ಅದಕ್ಕೆ ಪ್ರತಿಕ್ರಿಯಿಸಿದರು, ಇಬ್ಬರ ಚರ್ಚೆ 2012ರಲ್ಲಿ ಪುಸ್ತಕವೂ ಆಯಿತು. ಅನುಭವ ಇದ್ದವರಿಗೆ ಮಾತ್ರ ಸಿದ್ಧಾಂತದ ಹಕ್ಕಾ, ಇಲ್ಲದವರೂ ಮಾಡಬಹುದಾ ಅನ್ನೋದು ದೊಡ್ಡ ವಾದ, ಅದಕ್ಕೆ ಇಲ್ಲಿ ಜಾಗ ಇಲ್ಲ. ಗುರು ಮಾತಾಡಿದ್ದು ದಲಿತರ ಬಗ್ಗೆ ಅನ್ನೋದನ್ನು ಮಾತ್ರ ನೆನಪಿಟ್ಟುಕೊಳ್ಳಿ. ಸ್ವಂತ ತೋಟ ಇದ್ದ ನಮ್ಮಜ್ಜಿಯ ಪರವಾಗಿ ನಾನು ಅದನ್ನು ಸಲೀಸಾಗಿ ಎರವಲು ತಗೊಂಡೆ. ಆ ಎರವಲಿನ ಲೆಕ್ಕಕ್ಕೆ ಆಮೇಲೆ ಬರುತ್ತೇನೆ.

ಅಜ್ಜಿಯ ಮಾತು ಕೇಳಿದ ಮೇಲೆ 'ಹದಿಬದೆಯ ಧರ್ಮ'ವನ್ನು ಮತ್ತೆ ತೆಗೆದೆ. ಈ ಸಲ ಬೇರೆ ಪುಸ್ತಕದ ಹಾಗೆ ಕಂಡಿತು. ಮೊದಲ ಸಲ ಇದು ವಿಧೇಯತೆಯ ಪಾಠ, ನಡುವೆ ಒಂದೇ ಒಂದು ಬಂಡಾಯ ಅಂದುಕೊಂಡಿದ್ದೆ. ಈಗ ಅದು ಒಂದು ಖಾತೆಪುಸ್ತಕದ ಹಾಗಿತ್ತು. ಹೆಣ್ಣು ಏನೇನು ಕೊಡಬೇಕು ಅಂತ ಸಂಧಿ ಸಂಧಿಯಲ್ಲಿ ಪಟ್ಟಿ ಇದೆ: ಸೇವೆ, ಸಹನೆ, ನಿದ್ದೆ, ಮಾತು. ಇಷ್ಟೆಲ್ಲ ಬರೆದ ಕೈಯೇ, ಮಗ ಹುಟ್ಟಿದರೆ ಹೆಚ್ಚುಗಾರಿಕೆ ಏನು, ಮಗಳಾದರೆ ಕೊರತೆ ಏನು ಅಂತಲೂ ಕೇಳುತ್ತದೆ. ಇಷ್ಟು ಕೊಟ್ಟ ಮೇಲೂ ಹೀಗಳೆಯುವುದು ಯಾವ ನ್ಯಾಯ ಅಂತ. ಅಂದರೆ ಆ ಪ್ರಸಿದ್ಧ ಪದ್ಯಕ್ಕೆ ಬಲ ಬಂದಿರುವುದೇ ಉಳಿದ ನಾನೂರು ಪದ್ಯಗಳಿಂದ. ಪೂರ್ತಿ ಬೆಲೆ ತೆತ್ತವಳು ಎದ್ದು ನಿಂತು ರಸೀದಿ ಕೇಳುವ ಹಾಗೆ. ಅದೊಂದನ್ನೇ ಕಿತ್ತು ಬ್ಯಾನರಿಗೆ ಹಾಕಿದರೆ ತಾಯಿಯನ್ನು ಹೊಗಳುವ ಒಂದು ಚಂದದ ಮಾತು ಉಳಿಯುತ್ತದೆ ಅಷ್ಟೆ. ಅದಕ್ಕೇ ಇರಬೇಕು, ಅದು ಯಾರಿಗೂ ನೋಯದೆ ಎಲ್ಲರ ವಾಟ್ಸಾಪಿನಲ್ಲೂ ಓಡಾಡುತ್ತೆ.

ಇದರಿಂದ ಹೊನ್ನಮ್ಮ ಸ್ತ್ರೀವಾದಿಯಾಗಲಿಲ್ಲ. ನಾನು ಅವಳನ್ನು ಹಾಗೆ ಮಾಡಲು ಹೊರಟಿಲ್ಲ. ಪತಿವ್ರತಾ ಧರ್ಮವನ್ನು ಅವಳು ನಂಬಿ ಬರೆದಿದ್ದಾಳೆ. ಅರಮನೆಯಲ್ಲಿ ಊಳಿಗ ಮಾಡುತ್ತಾ, ಗುರುವಿನ ಮುಂದೆ ಕೂತು, ರಾಣಿಯ ಆಸರೆಯಲ್ಲಿ ಬರೆಯುವವಳಿಗೆ ಯಾವುದನ್ನು ಎಷ್ಟು ಜೋರಾಗಿ ಹೇಳಬಹುದು ಅನ್ನುವ ಅಂದಾಜು ಇದ್ದಿರಲೇಬೇಕು. ಆದರೆ ಅವಳಿಂದ ಕಲಿಯುವುದಕ್ಕೆ ಅವಳು ನಮ್ಮ ಪಕ್ಷದವಳೇ ಆಗಿರಬೇಕು ಅಂತ ಏನಿಲ್ಲವಲ್ಲ. ವ್ಯವಸ್ಥೆಯೊಂದು ಒಳಗಿನಿಂದ ಹೇಗೆ ಕೆಲಸ ಮಾಡುತ್ತೆ ಅಂತ ಇಷ್ಟು ವಿವರವಾಗಿ ಬರೆದಿಟ್ಟವಳನ್ನು ಥಿಯರಿಯ ರಾಶಿಗೆ ಹಾಕಲು ನಮಗಿರುವ ತೊಂದರೆ ಏನು?

'ಫಣಿಯಮ್ಮ'ದ ಪ್ರಶ್ನೆ ಇದಕ್ಕಿಂತ ತೊಡಕಿನದ್ದು. 1976ರ ಕಾದಂಬರಿ. ಇಂದಿರಾ ತಮ್ಮ ಬಂಧುವರ್ಗದ ಒಬ್ಬರ ನಿಜವಾದ ಬದುಕನ್ನು ಆಧರಿಸಿ ಬರೆದದ್ದು. ಇಂದಿರಾಗೂ ಶಾಲೆ ಸಿಕ್ಕಿದ್ದು ಕೆಲವೇ ವರ್ಷ, ಮೊದಲ ಕಾದಂಬರಿ 'ತುಂಗಭದ್ರ' ಬರುವಾಗ ವಯಸ್ಸು ನಲವತ್ತೈದು ದಾಟಿತ್ತು. ಫಣಿಯಮ್ಮ ಆಟವಾಡುವ ವಯಸ್ಸಿನಲ್ಲಿ ಮದುವೆಯಾಗಿ, ಗಂಡ ಹಾವು ಕಚ್ಚಿ ಸತ್ತು, ಮೈನೆರೆದ ಮೇಲೆ ತಲೆ ಬೋಳಿಸಿಕೊಂಡವಳು. ನೂರು ವರ್ಷ ದಾಟಿ ಬದುಕುತ್ತಾಳೆ. ಕೊನೆಗೆ ದಾಕ್ಷಾಯಣಿ ಅನ್ನುವ ಎಳೆಯ ವಿಧವೆ ತಲೆ ಕೊಡುವುದಿಲ್ಲ ಅಂತ ಹಟ ಹಿಡಿದಾಗ, ಇಡೀ ಮನೆ ಕೂಗಾಡುವಾಗ, ಅವಳ ಪರ ನಿಲ್ಲುವುದು ಈ ಮಡಿ ಅಜ್ಜಿಯೇ.

ನಮಗೆ ಬಂದ ಪ್ರಶ್ನೆ: 'ಫಣಿಯಮ್ಮನದು ಪ್ರತಿರೋಧವೋ ಒಪ್ಪಿಗೆಯೋ? ಚರ್ಚಿಸಿ.' ಹತ್ತು ಮಾರ್ಕ್ಸು. ನಾನು ಪ್ರತಿರೋಧ ಅಂತ ಬರೆದೆ, ಪಕ್ಕದವಳು ಒಪ್ಪಿಗೆ ಅಂತ, ಇಬ್ಬರಿಗೂ ಏಳು. ಕಾದಂಬರಿ ಈ ಎರಡಕ್ಕೂ ಸಿಗುವುದಿಲ್ಲ. ಫಣಿಯಮ್ಮ ತನ್ನ ಮಡಿ ಬಿಡುವುದಿಲ್ಲ, ಇನ್ನೊಬ್ಬಳ ಮೇಲೆ ಅದನ್ನು ಹೇರುವುದಕ್ಕೂ ಬಿಡುವುದಿಲ್ಲ. ನಿಯಮ ಪೊಳ್ಳು ಅಂತ ಗೊತ್ತಿದ್ದೂ ತನ್ನ ಮಟ್ಟಿಗೆ ಪಾಲಿಸುತ್ತಾಳೆ. ಕಂದಿಯೋತಿಯ ಚೌಕಾಸಿ ಇಲ್ಲಿ ನಡೆಯುವುದಿಲ್ಲ, ಯಾಕಂದರೆ ಅವಳಿಗೆ ಮುಂದೆ ಸಿಗುವುದೇನೂ ಇಲ್ಲ. ಗಂಡನಿಲ್ಲ, ಮಗನಿಲ್ಲ, ಅತ್ತೆಯಾಗುವ ದಿನವಿಲ್ಲ. ಏನೂ ಸಿಗದ ಕಡೆ ಒಬ್ಬಳು ನಿಯಮ ಪಾಲಿಸುತ್ತಾ ಅದೇ ನಿಯಮಕ್ಕೆ ಮುಂದಿನ ತಲೆಮಾರು ಬಲಿಯಾಗದಂತೆ ಅಡ್ಡ ನಿಲ್ಲುವುದನ್ನು ಏನಂತ ಕರೆಯೋದು? ನಮ್ಮ ಥಿಯರಿ ರಾಶಿಯಲ್ಲಿ ಅದಕ್ಕೆ ಪದ ಇರಲಿಲ್ಲ. ಇಂದಿರಾ ಆ ಪದ ಹುಡುಕದೆ ಮನುಷ್ಯಳನ್ನೇ ಮುಂದಿಟ್ಟಿದ್ದಾರೆ.

ಅದೇ ಕಾದಂಬರಿಯಲ್ಲಿ ಫಣಿಯಮ್ಮ ಹೆರಿಗೆ ಮಾಡಿಸುತ್ತಾಳೆ. ಒಮ್ಮೆ ದಲಿತ ಹೆಣ್ಣೊಬ್ಬಳ ಕಷ್ಟದ ಹೆರಿಗೆಗೂ ಹೋಗುತ್ತಾಳೆ. ಕ್ಲಾಸಿನಲ್ಲಿ ಈ ಭಾಗ ಬಂದಾಗ ನಾವೆಲ್ಲ ಕರಗಿದ್ದೆವು. ಎಂಥಾ ಮಾನವೀಯತೆ! ಆಗ ಹಿಂದಿನ ಬೆಂಚಿನಿಂದ ಒಬ್ಬಳು ಕೇಳಿದಳು: "ಅದು ಸರಿ. ಹೆರುತ್ತಿದ್ದವಳು ಏನು ಅಂದುಕೊಳ್ತಿದ್ಲು ಅವತ್ತು?" ಯಾರಲ್ಲೂ ಉತ್ತರ ಇರಲಿಲ್ಲ. ಆ ದೃಶ್ಯವನ್ನು ನಾವು ಫಣಿಯಮ್ಮನ ಕೈಯ ಕಡೆಯಿಂದಲೇ ನೋಡಿದ್ದೆವು. ಹೆರುವವಳ ಕಡೆ ತಿರುಗಿಯೇ ಇರಲಿಲ್ಲ. ಅವಳು ಫಣಿಯಮ್ಮನ ಒಳ್ಳೆಯತನಕ್ಕೆ ಸಾಕ್ಷಿಯಾಗಿ ಅಲ್ಲಿದ್ದಳು, ಅಷ್ಟೆ. ಕೇಳಿದ ಹುಡುಗಿ ದಲಿತ ಕೇರಿಯಿಂದ ಬಂದವಳು. ರೇಗೆಯ ಲೇಖನವನ್ನು ನಾವು ಹದಿನೆಂಟೂ ಜನ ಓದಿದ್ದೆವು. ಅದನ್ನು ಎಲ್ಲಿ ಬಳಸಬೇಕು ಅಂತ ಹೊಳೆದದ್ದು ಅವಳೊಬ್ಬಳಿಗೆ.

ಎರವಲಿನ ಲೆಕ್ಕ ಅಂದೆನಲ್ಲ, ಅದು ಇಲ್ಲಿದೆ. ಅವತ್ತು ರಾತ್ರಿ ಹಾಸ್ಟೆಲಿನಲ್ಲಿ ನನ್ನ ಒಂಬತ್ತು ಪುಟ ತೆಗೆದು ನೋಡಿದೆ. ಅಜ್ಜಿ ಕಥೆ ಹೇಳುವಾಗ ಒಂದು ಸಂಜೆ ಪೂರ್ತಿ ಮಾತಾಡಿದ್ದು ತೋಟದ ಬಗ್ಗೆ ಆಗಿರಲಿಲ್ಲ. ಅಮ್ಮ ಹುಟ್ಟಿದ ರಾತ್ರಿಯ ಬಗ್ಗೆ ಆಗಿತ್ತು. ಕಾಲು ಮುಂದಾಗಿ ಬರುತ್ತಿದ್ದ ಮಗುವನ್ನು ತಿರುಗಿಸಿ ತೆಗೆದ ಸೂಲಗಿತ್ತಿ ಊರಾಚೆಯ ಕೇರಿಯವಳು. ನಡುಮನೆಗೆ ಬಂದು ಅಜ್ಜಿಯ ಜೀವ ಉಳಿಸಿದವಳಿಗೆ ಮಾರನೇ ದಿನ ಊಟ ಹಾಕಿದ್ದು ಹಿತ್ತಲಿನಲ್ಲಿ, ಎಲೆಯಲ್ಲಿ. ಅದೇ ಹೆಂಗಸು ಮುಂದೆ ವರ್ಷಾನುಗಟ್ಟಲೆ ನಮ್ಮ ಮನೆಗೆ ಕೊಬ್ಬರಿ ಚಿಪ್ಪು ಒಡೆಯಲು ಬರುತ್ತಿದ್ದಳು. ಅಜ್ಜಿ ಇದನ್ನು ಹೇಳುವಾಗ ದನಿ ಇಳಿದಿತ್ತು. ಅವಳ ಹೆಸರನ್ನೂ ಹೇಳಿದ್ದಳು. ನನ್ನ ಅಸೈನ್‌ಮೆಂಟಿನ ವಿಷಯ ಆಸ್ತಿ, ಹಾಗಾಗಿ 'ಇರ್ರೆಲವೆಂಟ್' ಅಂತ ಬರೆದುಕೊಳ್ಳಲಿಲ್ಲ. ಅಜ್ಜಿಯನ್ನು ನಾನು ಬರೀ ಮಾಹಿತಿ ಮಾಡಿಬಿಟ್ಟೆ ಅಂತ ಕೊರಗುತ್ತಿದ್ದೆ. ಈ ಹೆಂಗಸು ಮಾಹಿತಿಯೂ ಆಗಿರಲಿಲ್ಲ.

ನಮ್ಮ ತುಮಕೂರು ಜಿಲ್ಲೆಯವರೇ ಆದ ಸೂಲಗಿತ್ತಿ ನರಸಮ್ಮ ನಿಮಗೆ ನೆನಪಿರಬಹುದು. ಪಾವಗಡ ತಾಲೂಕಿನವರು, ಸಾವಿರಾರು ಹೆರಿಗೆ ಮಾಡಿಸಿದವರು, ಅಕ್ಷರ ಕಲಿಯದವರು. ತುಮಕೂರು ವಿಶ್ವವಿದ್ಯಾಲಯ 2014ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು, 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷದ ಕೊನೆಗೆ ತೀರಿಕೊಂಡರು. ಒಬ್ಬರಿಗೆ ಡಾಕ್ಟರೇಟ್ ಕೊಟ್ಟು ಶಾಲು ಹೊದೆಸುವುದು ಸುಲಭ. ಅವರನ್ನು ಕ್ಲಾಸಿಗೆ ಕರೆದು ಒಂದು ಸೆಮಿಸ್ಟರ್ ಪಾಠ ಹೇಳಿಸಿಕೊಳ್ಳುವುದು ಕಷ್ಟ, ಯಾಕಂದರೆ ಆಗ ನಾವು ಬೆಂಚಿನಲ್ಲಿ ಕೂರಬೇಕಾಗುತ್ತೆ.

ಹಾಗಂತ ಇಂಗ್ಲಿಷ್ ಥಿಯರಿ ಬಿಸಾಕಿ, ಅಜ್ಜಿಯರನ್ನು ಕೂರಿಸಿಕೊಳ್ಳಿ ಅಂತ ನಾನು ಹೇಳುತ್ತಿಲ್ಲ. ಕಂದಿಯೋತಿ ಓದಿರದಿದ್ದರೆ ಅಜ್ಜಿಯ ಮಾತಿನ ತೂಕ ನನಗೆ ಗೊತ್ತಾಗುತ್ತಿರಲಿಲ್ಲ. ಹಳೇ ಕಾಲದವರ ಮಾತು ಅಂತ ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುತ್ತಿದ್ದೆ. ರೇಗೆಯ ಲೇಖನ ಇರದಿದ್ದರೆ ಹಿಂದಿನ ಬೆಂಚಿನ ಆ ಪ್ರಶ್ನೆಯನ್ನು ಕ್ಲಾಸು ಕೇಳಿಸಿಕೊಳ್ಳುತ್ತಿತ್ತೋ ಇಲ್ಲವೋ. ಈ ವಿಷಯವನ್ನು ಬೈಯಲು ಬೇಕಾದ ಮಾತನ್ನೂ ಈ ವಿಷಯವೇ ಕಲಿಸಿತು, ಅದು ಅದರ ದೊಡ್ಡ ಗುಣ. ನನ್ನ ಬೇಡಿಕೆ ಚಿಕ್ಕದು. ಆ ಎರಡು ರಾಶಿಯ ನಡುವಿನ ಗೋಡೆ ತೆಗೆಯಿರಿ. ಹೊನ್ನಮ್ಮನ ಒಂಬತ್ತೂ ಸಂಧಿ ಓದಿಸಿ, ಮುಜುಗರ ಆದರೂ. ಕನ್ನಡದ ಪುಸ್ತಕವನ್ನು ಕನ್ನಡ ಬರುವವರಿಗೆ ಕನ್ನಡದಲ್ಲಿ ಕೊಡಿ. ಮನೆಯವರ ಬಗ್ಗೆ ಅಸೈನ್‌ಮೆಂಟ್ ಬರೆಸಿದರೆ, ಬರೆದದ್ದನ್ನು ಅವರಿಗೆ ಓದಿ ಹೇಳಿ, ಅವರ ಉತ್ತರವನ್ನೂ ಸೇರಿಸಿದ ಮೇಲೆ ಮಾರ್ಕ್ಸು ಹಾಕಿ.

ಆಫೀಸಿನ ಹುಡುಗನಿಗೆ ಮೊನ್ನೆ ಉತ್ತರ ಕೊಟ್ಟೆ. ಆ ನಲವತ್ತು ಸ್ಲೈಡು ಎಲ್ಲಿಂದ ಬಂತು ಗೊತ್ತಾ ಅಂತ ಕೇಳಿದೆ. 2013ರ ಕಾಯ್ದೆಗೆ ಮೊದಲು 1997ರ ವಿಶಾಖಾ ತೀರ್ಪು, ಅದಕ್ಕೂ ಮೊದಲು ರಾಜಸ್ಥಾನದ ಹಳ್ಳಿಯ ಭಂವರಿ ದೇವಿ. ಸರ್ಕಾರದ ಕೆಲಸವಾಗಿ ಬಾಲ್ಯವಿವಾಹ ತಡೆಯಲು ಹೋಗಿ 1992ರಲ್ಲಿ ಸಾಮೂಹಿಕ ಅತ್ಯಾಚಾರಕ್ಕೆ ಒಳಗಾದವಳು. ಕೆಳಗಿನ ಕೋರ್ಟು ಆರೋಪಿಗಳನ್ನು ಅತ್ಯಾಚಾರದ ಆರೋಪದಿಂದ ಬಿಟ್ಟುಬಿಟ್ಟಿತು. ಅವಳಿಗೆ ಆದದ್ದು ಕೆಲಸದ ಜಾಗದಲ್ಲಿ ಆದ ಅನ್ಯಾಯ ಅನ್ನುವ ತಿಳಿವಳಿಕೆಯಿಂದ ನಮ್ಮ ಎಸಿ ಕಾನ್ಫರೆನ್ಸ್ ರೂಮಿನ ಕಾನೂನು ಹುಟ್ಟಿತು. ಸ್ಲೈಡುಗಳಲ್ಲಿ ಅವಳ ಹೆಸರಿಲ್ಲ. "ಎರಡು ವರ್ಷ ಓದಿದ್ದು ಇದನ್ನೇ," ಅಂದೆ. "ಯಾರ ಹೆಸರು ಎಲ್ಲಿ ಬಿಟ್ಟುಹೋಗಿದೆ ಅನ್ನೋದನ್ನ."

ಅಜ್ಜಿ ಈಗಿಲ್ಲ. ಈ ಬರಹ ಶುರು ಮಾಡುವ ಮುಂಚೆ ಆ ಹಳೆಯ ಒಂಬತ್ತು ಪುಟವನ್ನು ಅಮ್ಮನಿಗೆ ಕನ್ನಡದಲ್ಲಿ ಓದಿ ಹೇಳಿದೆ. ಸುಮ್ಮನೆ ಕೇಳಿದಳು. ಕೊನೆಗೆ ಒಂದು ತಿದ್ದುಪಡಿ ಮಾಡಿದಳು.

"ಅಜ್ಜಿ ಸೈನ್ ಹಾಕಿಸಿದ್ಲು ಅಂತ ಬರ್ದಿದೀಯ. ಅವಳು ಹೇಳಿದ್ದು ನಿಜ. ಹಾಕಿದ್ದು ನಾನು. ಯಾಕೆ ಹಾಕ್ದೆ ಅಂತ ನೀನು ಒಂದಿನಾನೂ ನನ್ನ ಕೇಳ್ಲಿಲ್ಲ."

ಕೇಳಿದೆ. ಅದು ಅವಳ ಮಾತು, ಇಲ್ಲಿ ಬರೆಯುವುದಿಲ್ಲ. ಆಮೇಲೆ ಸೂಲಗಿತ್ತಿಯ ಹೆಸರು ಗೊತ್ತಾ ಅಂತಲೂ ಕೇಳಿದೆ. ಅಮ್ಮ ಸ್ವಲ್ಪ ಹೊತ್ತು ಯೋಚನೆ ಮಾಡಿದಳು. ಗೊತ್ತಿರಲಿಲ್ಲ. ಮುಂದಿನ ಶನಿವಾರ ಇಬ್ಬರೂ ಊರಿಗೆ ಹೋಗಿ ಕೇಳಿಕೊಂಡು ಬರೋಣ ಅಂತ ಮಾತಾಗಿದೆ.